ರಘು ದೀಕ್ಷಿತ್: ಹಾಡು, ವೇದಿಕೆ ಮತ್ತು ರಾಮನಗರ ಸೀಮೆಯ ಸೊಲ್ಲು

ರಘು ದೀಕ್ಷಿತ್ (ಜನನ: 11 ನವೆಂಬರ್ 1974, ನಾಸಿಕ್) ಕನ್ನಡದ ತತ್ವಪದಗಳನ್ನು ಗಿಟಾರು, ಪಿಟೀಲು, ಡ್ರಮ್ಸ್‌ಗಳ ಜೊತೆ ಹಾಡಿ ದೇಶ ವಿದೇಶಗಳಲ್ಲಿ ಹೆಸರಾದ ಗಾಯಕ, ಸಂಗೀತ ಸಂಯೋಜಕ. ಬೆಂಗಳೂರಿನಲ್ಲಿ ನೆಲೆಗೊಂಡ ‘ದ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ತಂಡದ ಮುಂದಾಳು. ಸಿನಿಮಾದ ಆಸರೆಯನ್ನು ಕಾಯದೆ, ದೊಡ್ಡ ಧ್ವನಿಮುದ್ರಣ ಕಂಪನಿಗಳ ಹಂಗಿಲ್ಲದೆ, ತಾವೇ ಹಾಡು ಕಟ್ಟಿ ತಾವೇ ಊರೂರು ತಿರುಗಿ ಹಾಡುವವರನ್ನು ‘ಇಂಡೀ’ ಗಾಯಕರು ಎನ್ನುವುದು ರೂಢಿ. ಕರ್ನಾಟಕದಲ್ಲಿ ಆ ಮಾತಿಗೆ ಮೊದಲು ನೆನಪಾಗುವ ಹೆಸರು ಇವರದೇ.

ಆಲ್ಬಂಗಳ ಪಟ್ಟಿಯಿಂದ ಇವರ ವೃತ್ತಿಯನ್ನು ಅಳೆಯಹೊರಟರೆ ಕೈಗೆ ಸಿಗುವುದು ಕಡಮೆ. ಮೊದಲನೆಯದು 2008ರಲ್ಲಿ, ಎರಡನೆಯದು 2013ರಲ್ಲಿ, ಅದಾಗಿ ಹನ್ನೆರಡು ವರ್ಷಗಳ ಮೇಲೆ ‘ಶಕ್ಕರ್’. ಈ ವರ್ಷಗಳ ನಡುವೆಯೆಲ್ಲ ತುಂಬಿಕೊಂಡಿರುವುದು ವೇದಿಕೆ. ಇವರ ಹಾಡು ಪೂರ್ತಿಯಾಗುವುದು ಎದುರಿಗೆ ಜನ ಇದ್ದು, ಅವರು ದನಿಗೂಡಿಸಿದಾಗ. ಈ ಗುಣಕ್ಕೆ ಇಂಗ್ಲೆಂಡಿನ ಅಥವಾ ಅಮೆರಿಕದ ರಾಕ್ ಸಂಗೀತವೊಂದನ್ನೇ ಮೂಲವೆಂದು ಹೇಳಿದರೆ ಅರ್ಧ ಮಾತು ಹೇಳಿದಂತಾಗುತ್ತದೆ. ಇವರು ಬೆಳೆದ ಮೈಸೂರಿಗೂ ವೃತ್ತಿ ನಡೆಸಿದ ಬೆಂಗಳೂರಿಗೂ ನಡುವೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಿದೆ. ಅಲ್ಲಿಯ ಹಾಡುಗಾರಿಕೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಉಳಿದರ್ಧ ಮಾತು ತಿಳಿಯುತ್ತದೆ.

ಸೊಲ್ಲು ಕೊಡುವ ಸೀಮೆ

ರಾಮನಗರ ಜಿಲ್ಲೆ 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರೂಪುಗೊಂಡಿತು. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರಿಟ್ಟಿತು. ಹೊರಗಿನವರಿಗೆ ಇದು ‘ಶೋಲೆ’ ಚಿತ್ರದ ಬಂಡೆಗಳ, ರೇಷ್ಮೆಗೂಡಿನ ಮಾರುಕಟ್ಟೆಯ, ಚನ್ನಪಟ್ಟಣದ ಬಣ್ಣದ ಬೊಂಬೆಗಳ ನಾಡು. ಹಾಡಿನ ಲೆಕ್ಕದಲ್ಲಿ ಇದು ಹಳೇ ಮೈಸೂರಿನ ದೊಡ್ಡ ಬಯಲಿಗೆ ಸೇರಿದ್ದು. ಮಂಟೇಸ್ವಾಮಿ, ಮಲೆಯ ಮಾದಪ್ಪ, ಸಿದ್ದಪ್ಪಾಜಿಯರ ಕಥೆಗಳನ್ನು ರಾತ್ರಿಯಿಡೀ ಹಾಡುವ ನೀಲಗಾರರ ಮತ್ತು ಕಂಸಾಳೆಯವರ ಓಡಾಟ ಮಂಡ್ಯ, ಮೈಸೂರು, ಚಾಮರಾಜನಗರಗಳಿಂದ ಇಲ್ಲಿಯವರೆಗೂ ಹಬ್ಬಿದೆ. ಸೋಬಾನೆ, ರಾಗಿ ಬೀಸುವ ಪದ, ಕೋಲಾಟದ ಪದ, ಭಜನೆಮನೆಯ ತತ್ವಪದ ಊರೂರಲ್ಲಿದ್ದವು. ಹಲವೆಡೆ ಇಂದಿಗೂ ಇವೆ. ಹಬ್ಬ, ಜಾತ್ರೆಗಳಲ್ಲಿ ಪೂಜಾಕುಣಿತ, ಪಟದ ಕುಣಿತ, ತಮಟೆ.

ಈ ಹಾಡುಗಾರಿಕೆಯ ಕಟ್ಟಡ ಸರಳ. ಮುಂದಿನವನು ಒಂದು ನುಡಿ ಹಾಡುತ್ತಾನೆ, ಹಿಂದಿನವರು ಸೊಲ್ಲು ಕೊಡುತ್ತಾರೆ. ಸೊಲ್ಲು ಎಂದರೆ ಮತ್ತೆ ಮತ್ತೆ ಮರಳಿ ಬರುವ ಸಾಲು. ನೀಲಗಾರರ ಮೇಳದಲ್ಲಿ ಮುಂದಿನವನ ಕೈಯಲ್ಲಿ ತಂಬೂರಿ, ಹಿಮ್ಮೇಳದವರ ಕೈಯಲ್ಲಿ ದಮ್ಮಡಿ, ತಾಳ. ಕಥೆ ನಡೆಸುವ ಹೊರೆ ಒಬ್ಬನದು, ಅದನ್ನು ಬೆಳಗಿನ ತನಕ ಎತ್ತಿಹಿಡಿಯುವ ಹೊರೆ ಸೊಲ್ಲಿನದು. ಮುಂದಿನವನಿಗೆ ಉಸಿರೆಳೆದುಕೊಳ್ಳಲು ಬಿಡುವು ಸಿಗುವುದು, ಮುಂದಿನ ನುಡಿ ನೆನಪಿಗೆ ಬರುವುದು, ತೂಕಡಿಸುತ್ತಿದ್ದವರು ಎಚ್ಚರಾಗುವುದು ಎಲ್ಲವೂ ಸೊಲ್ಲಿನ ಹೊತ್ತಿನಲ್ಲಿಯೇ. ನೂರಾರು ಜನ ಕಲಿಯದೆಯೇ ಒಟ್ಟಾಗಿ ಹಾಡಲು ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ.

ಇದನ್ನು ಊರಿನಾಚೆಯ ವೇದಿಕೆಗಳಿಗೆ ಕೊಂಡೊಯ್ದವರಲ್ಲಿ ಈ ಜಿಲ್ಲೆಯ ಇಬ್ಬರ ಹೆಸರು ಎದ್ದುಕಾಣುತ್ತದೆ. ಬಿಡದಿ ಬಳಿಯ ಬಾನಂದೂರಿನ ಕೆಂಪಯ್ಯನವರು ಐಪಿಎಸ್ ಅಧಿಕಾರಿಯಾಗಿದ್ದುಕೊಂಡೇ ಜನಪದ ಗೀತೆಗಳನ್ನು ಹಾಡಿ, ‘ಬಾನಂದೂರು ಕೆಂಪಯ್ಯ’ ಎಂದು ಊರಿನ ಹೆಸರಿನಿಂದಲೇ ನಾಡಿಗೆಲ್ಲ ಪರಿಚಿತರಾದರು. ಚನ್ನಪಟ್ಟಣ ತಾಲ್ಲೂಕಿನ ಅಪ್ಪಗೆರೆ ತಿಮ್ಮರಾಜು ಅವರ ಹೆಸರಿಗೂ ಹಾಗೆಯೇ ಊರು ಅಂಟಿಕೊಂಡಿದೆ. ಊರನ್ನು ಹೆಸರಾಗಿ ಹೊತ್ತು ಹಾಡುವ ಈ ಪರಿಪಾಠ ಜನಪದ ಗಾಯಕರಲ್ಲಿ ಎಲ್ಲೆಲ್ಲೂ ಇದೆ. ಪಕ್ಕದ ಮಳವಳ್ಳಿಯ ಮಹದೇವಸ್ವಾಮಿಯವರು ಹಾಡಿದ ಕಥನಗಳ ಕ್ಯಾಸೆಟ್ಟುಗಳು ಜಾತ್ರೆಯ ಅಂಗಡಿಗಳಲ್ಲಿ ಮಾರಾಟವಾಗಿ ಮನೆಮನೆ ಸೇರಿದವು. ನಗರದಲ್ಲಿ ‘ಇಂಡೀ’ ಎಂಬ ಮಾತು ಹುಟ್ಟುವ ಮೊದಲೇ, ಸಿನಿಮಾದ ನೆರವಿಲ್ಲದೆ ಸ್ವಂತ ಕೇಳುಗರನ್ನು ಕಟ್ಟಿಕೊಂಡ ಗಾಯಕರು ಈ ಸೀಮೆಯಲ್ಲಿದ್ದರು ಎಂಬುದನ್ನು ಸಂಗೀತದ ಚರಿತ್ರೆ ಬರೆಯುವವರು ಮರೆಯಬಾರದು.

ರಾಮನಗರದ ಜಾನಪದ ಲೋಕವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು (1915–2005) ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ಮೈಸೂರು ರಸ್ತೆಯ ಪಕ್ಕದ 15 ಎಕರೆಯಲ್ಲಿ ಈ ಸಂಗ್ರಹಾಲಯವನ್ನು ನಿಲ್ಲಿಸಿದರು. 1994ರಲ್ಲಿ ಅದು ಉದ್ಘಾಟನೆಯಾಯಿತು. ಬೀಸುವ ಕಲ್ಲು, ನೇಗಿಲು, ವಾದ್ಯ, ತೊಗಲುಬೊಂಬೆಗಳ ಜೊತೆಗೆ ಹಾಡುಗಾರರ ದನಿಗಳನ್ನೂ ನಾಗೇಗೌಡರು ಮುದ್ರಿಸಿಟ್ಟರು. ಅಲ್ಲಿಯ ಬಯಲು ರಂಗಮಂದಿರದಲ್ಲಿ ಲೋಕೋತ್ಸವ ನಡೆದಾಗ ತಮಟೆಯವರು ಒಣಹುಲ್ಲಿನ ಬೆಂಕಿ ಹಾಕಿ ಚರ್ಮ ಕಾಯಿಸುವುದನ್ನು ನೋಡಬಹುದು. ಚರ್ಮ ಬಿಗಿಯಾಗದೆ ತಮಟೆ ನುಡಿಯದು. ತಣ್ಣಗಾದರೆ ಮತ್ತೆ ಕಾಯಿಸಬೇಕು. ಬ್ಯಾಂಡಿನವರು ಸಂಜೆಯ ಕಾರ್ಯಕ್ರಮಕ್ಕೆ ಮಧ್ಯಾಹ್ನವೇ ಬಂದು ಒಂದೊಂದು ತಂತಿ, ಒಂದೊಂದು ಮೈಕು ಸರಿಮಾಡಿಕೊಳ್ಳುವ ‘ಸೌಂಡ್ ಚೆಕ್’ ಇದೇ ಶ್ರದ್ಧೆಯ ಇನ್ನೊಂದು ರೂಪ.

ಮೈಸೂರಿನ ಹುಡುಗ

ರಘು ದೀಕ್ಷಿತ್ ಹುಟ್ಟಿದ್ದು ಮಹಾರಾಷ್ಟ್ರದಲ್ಲಾದರೂ ಬೆಳೆದದ್ದು ಮೈಸೂರಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಿಂದ ಸೂಕ್ಷ್ಮಜೀವಶಾಸ್ತ್ರದಲ್ಲಿ ಚಿನ್ನದ ಪದಕದೊಂದಿಗೆ ಎಂಎಸ್ಸಿ. ಭರತನಾಟ್ಯದಲ್ಲಿ ವಿದ್ವತ್. ಗಿಟಾರು ಕೈಗೆ ಬಂದದ್ದು ತಡವಾಗಿ, ಕಾಲೇಜಿನ ದಿನಗಳಲ್ಲಿ. ನೃತ್ಯ ಕಲಿಯುವ ಹುಡುಗನೆಂದು ಗಿಟಾರು ನುಡಿಸುತ್ತಿದ್ದ ಸಹಪಾಠಿ ಹಂಗಿಸಿದಾಗ, ಪಂತ ಕಟ್ಟಿ ಕಲಿತೆ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಗುರುವಿನ ಬಳಿ ಕ್ರಮವಾಗಿ ಕಲಿತದ್ದಲ್ಲ. ಅದಕ್ಕೇ ಇರಬೇಕು, ಅವರ ಗಿಟಾರಿನಲ್ಲಿ ಬೆರಳಿನ ಚಳಕಕ್ಕಿಂತ ತಾಳದ ಒತ್ತು ಹೆಚ್ಚು. ಹಾಡಿನ ಬೆನ್ನಿಗೆ ನಿಂತು ತಳ್ಳುವ ನುಡಿಸಾಣಿಕೆ ಅದು. ಕಾಲಿನಲ್ಲಿ ಲಯ ಮೊದಲೇ ಇತ್ತು, ಕೈ ಅದನ್ನು ಹಿಂಬಾಲಿಸಿತು.

ಓದಿಗೆ ತಕ್ಕ ಕೆಲಸದ ಮೇಲೆ ಬೆಲ್ಜಿಯಂಗೆ ಹೋಗಿದ್ದಾಗ ಅಲ್ಲಿಯ ರೇಡಿಯೋದಲ್ಲಿ ಹಾಡುವ ಅವಕಾಶ ಸಿಕ್ಕಿತು. ಅಪರಿಚಿತ ಭಾಷೆಯ ಹಾಡಿಗೆ ಬಂದ ಮೆಚ್ಚುಗೆ ಅವರನ್ನು ಊರಿಗೆ ಮರಳಿಸಿತು. ತೊಂಬತ್ತರ ದಶಕದ ಕೊನೆಯಲ್ಲಿ ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ಅದು ಒಡೆದಾಗ, ಯಾರು ಬೇಕಾದರೂ ಬಂದು ಸೇರಿ ನುಡಿಸಬಹುದಾದ ತೆರೆದ ಮನೆಯಂತೆ ‘ಪ್ರಾಜೆಕ್ಟ್’ ಶುರುವಾಯಿತು. ಆಗ ಬೆಂಗಳೂರಿನಲ್ಲಿ ರಾಕ್ ಬ್ಯಾಂಡುಗಳಿಗೆ ಬರವಿರಲಿಲ್ಲ. 1996ರಲ್ಲಿ ಶುರುವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ತನ್ನದೇ ಇಂಗ್ಲಿಷ್ ಹಾಡುಗಳಿಂದ ಹೆಸರು ಮಾಡಿತ್ತು; ಅದೇ ವರ್ಷದಿಂದ ಸ್ವಾತಂತ್ರ್ಯ ದಿನಾಚರಣೆಯ ಹೊತ್ತಿಗೆ ‘ಫ್ರೀಡಂ ಜ್ಯಾಮ್’ ನಡೆಯುತ್ತಿತ್ತು. ಆದರೆ ಆ ವೇದಿಕೆಗಳ ಮೇಲೆ ಕನ್ನಡ ಕೇಳಿಸುವುದು ಅಪರೂಪವಾಗಿತ್ತು. ಕನ್ನಡ ಹಾಡಬೇಕಾದರೆ ಸುಗಮ ಸಂಗೀತ, ಇಲ್ಲವೇ ಸಿನಿಮಾ, ಇಲ್ಲವೇ ಆರ್ಕೆಸ್ಟ್ರಾ ಎಂಬ ಮೂರು ಬಾಗಿಲುಗಳಷ್ಟೇ ತೆರೆದಿದ್ದವು. ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಬೆರೆಸಿದ ಹಾಡುಗಾರನನ್ನು ಯಾವ ಕಪಾಟಿನಲ್ಲಿಡುವುದೆಂದು ತಿಳಿಯದ ಧ್ವನಿಮುದ್ರಣ ಕಂಪನಿಗಳು ಹಲವು ವರ್ಷ ಅವರನ್ನು ಬಾಗಿಲಿನಿಂದಲೇ ಕಳಿಸಿದವು. ಕೊನೆಗೆ ಹಿಂದಿ ಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಮುಂಬಯಿಯಲ್ಲಿ ಅವರ ಹಾಡು ಕೇಳಿ, ತಮ್ಮದೇ ಲೇಬಲ್ಲಿನಿಂದ 2008ರಲ್ಲಿ ‘ಅಂತರಾಗ್ನಿ – ದ ರಘು ದೀಕ್ಷಿತ್ ಪ್ರಾಜೆಕ್ಟ್’ ಆಲ್ಬಂ ಹೊರತಂದರು. ಆ ಅವಕಾಶವನ್ನೂ ಸಂಪಾದಿಸಿಕೊಟ್ಟದ್ದು ಎದುರು ನಿಂತು ಹಾಡಿದ ಹಾಡೇ.

ಶರೀಫರ ಪದಕ್ಕೆ ಹೊಸ ಮೈ

ಆ ಆಲ್ಬಂನ ಹಾಡುಗಳಲ್ಲಿ ‘ಹೇ ಭಗವಾನ್’, ‘ಮೈಸೂರ್ ಸೆ ಆಯೀ’ ಹಿಂದಿಯವರಿಗೂ ಪ್ರಿಯವಾದವು. ಕನ್ನಡಿಗರ ಮಟ್ಟಿಗೆ ಅದರ ತಿರುಳು ಶಿಶುನಾಳ ಶರೀಫರ ಎರಡು ಪದಗಳು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ಮುಂದೆ ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’ ಪದಗಳೂ ಅವರ ಹಾಡುಗಳ ಸಾಲಿಗೆ ಸೇರಿದವು.

ಶರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು, ಗೋವಿಂದ ಭಟ್ಟರ ಶಿಷ್ಯರು. ಅವರ ಪದಗಳನ್ನು ಇಡೀ ಕರ್ನಾಟಕದ ಕಿವಿಗೆ ತಲುಪಿಸಿದ ಕೀರ್ತಿ ಸಿ. ಅಶ್ವತ್ಥ್ (1939–2009) ಅವರದು. ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ (1990) ಚಿತ್ರಕ್ಕೆ ಸಂಗೀತ ಕೊಟ್ಟವರೂ ಅವರೇ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ ಜನಸಾಗರ, ಸಿನಿಮಾದ್ದಲ್ಲದ ಕನ್ನಡ ಹಾಡಿಗೂ ಮೈದಾನ ತುಂಬುತ್ತದೆ ಎಂಬುದನ್ನು ತೋರಿಸಿಕೊಟ್ಟಿತು. ಎತ್ತರದ ಸ್ವರಕ್ಕೆ ಎದೆಬಿಚ್ಚಿ ಏರುತ್ತಿದ್ದ ಅಶ್ವತ್ಥರ ದನಿ, ಗಿಟಾರು ಇಲ್ಲದಿದ್ದರೂ, ರಾಕ್ ಗಾಯಕನ ದನಿಗೆ ಹತ್ತಿರದ್ದು. ರಘು ದೀಕ್ಷಿತ್ ಹಾದಿ ಸವೆಸಬೇಕಾದಾಗ ಆ ಹಾದಿಯ ಮುಳ್ಳು ಒಂದಿಷ್ಟು ಆಗಲೇ ತೆಗೆದಾಗಿತ್ತು.

ಶರೀಫರ ಪದ ರಾಕ್ ಸಂಗೀತಕ್ಕೆ ಏಕೆ ಇಷ್ಟು ಚೆನ್ನಾಗಿ ಹೊಂದಿತು? ಮೊದಲನೆಯದಾಗಿ ಅವು ಬಾಯಿಂದ ಬಾಯಿಗೆ ಹೋಗಲೆಂದೇ ಹುಟ್ಟಿದ ಪದಗಳು. ಸಾಲು ಚಿಕ್ಕದು, ಮಾತು ಗಡುಸು, ಪಲ್ಲವಿ ಕೇಳಿದೊಡನೆ ಹಿಡಿತಕ್ಕೆ ಬರುತ್ತದೆ. ‘ಕೋಡಗನ ಕೋಳಿ’ ಒಂದು ಬೆಡಗಿನ ಪದ. ನಡೆಯಲಾಗದ ಸಂಗತಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ, ಪ್ರತಿ ಸಾಲನ್ನೂ ಒಂದೇ ಕ್ರಿಯಾಪದಕ್ಕೆ ತಂದು ನಿಲ್ಲಿಸುತ್ತದೆ. ಡ್ರಮ್ಸಿನ ಪೆಟ್ಟು ಬೀಳಬೇಕಾದ ಜಾಗವನ್ನು ಕವಿಯೇ ಗುರುತುಮಾಡಿ ಇಟ್ಟಂತಿದೆ. ಮೇಲಾಗಿ ಆ ಪದಗಳ ಒಳಗೊಂದು ತಳಮಳವಿದೆ. ಸೋರುವ ಮಾಳಿಗೆ ದೇಹವೂ ಹೌದು, ಅರಿವುಗೆಟ್ಟ ಬಾಳೂ ಹೌದು. ಹುಕ್ಕಾ ಸೇದುವುದೆಂದರೆ ಒಳಗಿನ ಕೊಳೆ ಕಳೆದುಕೊಳ್ಳುವ ಸಾಧನೆ. ಅಶ್ವತ್ಥರು ಈ ತಳಮಳವನ್ನು ಆರ್ತವಾಗಿ ಹಾಡಿದರು. ರಘು ದೀಕ್ಷಿತ್ ಅದನ್ನು ಕುಣಿತಕ್ಕೆ ತಿರುಗಿಸಿದರು. ಗಂಭೀರವಾದ ಪದವನ್ನು ಕುಣಿಯುವಂತೆ ಮಾಡಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ತತ್ವಪದವನ್ನು ಏಕತಾರಿ, ದಮ್ಮಡಿಗಳೊಂದಿಗೆ ಹಾಡುವ ಭಜನೆಮನೆಯಲ್ಲಿ ಭಾವ ಏರಿದಾಗ ಎದ್ದು ಹೆಜ್ಜೆ ಹಾಕುವುದು ಹಿಂದಿನಿಂದಲೂ ಇದೆ. ಕುಣಿತ ಪದದ ಗೌರವಕ್ಕೆ ಕುಂದಲ್ಲ.

ಪದವನ್ನು ಹೊಸ ಮಟ್ಟಿನಲ್ಲಿ ಹಾಡುವುದೂ ಹೊಸದಲ್ಲ. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಲ್ಲಿ ಅಪ್ರಮೇಯಸ್ವಾಮಿ ದೇವಸ್ಥಾನವಿದೆ. ಅಲ್ಲಿಯ ಅಂಬೆಗಾಲು ಕೃಷ್ಣನ ಮುಂದೆ ಪುರಂದರದಾಸರು ‘ಜಗದೋದ್ಧಾರನ’ ಕೃತಿಯನ್ನು ಹಾಡಿದರೆಂಬುದು ನಂಬಿಕೆ. ದಾಸರು ಯಾವ ಧಾಟಿಯಲ್ಲಿ ಹಾಡಿದರೋ ಆ ಧಾಟಿ ನಮಗೆ ಉಳಿದಿಲ್ಲ. ಇಂದು ಕಛೇರಿಗಳಲ್ಲಿ ಕೇಳುವ ಮಟ್ಟು ನಂತರದವರು ಕೂಡಿಸಿದ್ದು. ಪ್ರತಿ ಕಾಲವೂ ತನ್ನ ಕೈಗೆ ಸಿಕ್ಕ ವಾದ್ಯದೊಂದಿಗೆ ಪದವನ್ನು ಮತ್ತೆ ಹಾಡಿಕೊಂಡಿದೆ.

ವೇದಿಕೆ

ಬಣ್ಣಬಣ್ಣದ ಲುಂಗಿ, ಮೇಲೊಂದು ಕಸೂತಿಯ ಅಂಗಿ, ಕಾಲಿಗೆ ಗೆಜ್ಜೆ, ಕೊರಳಿಗೆ ಗಿಟಾರು. ರಘು ದೀಕ್ಷಿತ್ ವೇದಿಕೆಗೆ ಬರುವ ವೇಷವಿದು. ಗೆಜ್ಜೆ ಬರೀ ಅಲಂಕಾರವಲ್ಲ. ಭರತನಾಟ್ಯ ಕಲಿತ ಕಾಲು ತಾಳಕ್ಕೆ ತಕ್ಕಂತೆ ನೆಲ ತುಳಿದಾಗ ಅದೂ ಒಂದು ವಾದ್ಯವಾಗುತ್ತದೆ. ಹಾಡುಗಾರ ತಾನೇ ಕುಣಿಯುತ್ತ, ತಾನೇ ನುಡಿಸುತ್ತ, ತಾನೇ ಕಥೆ ಹೇಳುವುದನ್ನು ಕಂಡಾಗ ಹಳೇ ಮೈಸೂರಿನವರಿಗೆ ಅದು ಪರಕೀಯವೆನಿಸದಿರಲು ಕಾರಣವಿದೆ. ಕಂಸಾಳೆಯವರೂ ವಾದ್ಯವನ್ನು ಬೀಸುತ್ತಲೇ ಹಾಡುತ್ತಾರೆ, ಕುಣಿಯುತ್ತಾರೆ. ಅಲ್ಲಿ ಹಾಡು, ವಾದ್ಯ, ಮೈ ಮೂರನ್ನೂ ಬಿಡಿಸಿ ನೋಡಲಾಗುವುದಿಲ್ಲ.

ಒಂದು ಕಾರ್ಯಕ್ರಮ ಹೆಣೆಯುವ ರೀತಿಯಲ್ಲಿ ಅವರ ನಿಜವಾದ ಕಸುಬುಗಾರಿಕೆ ಕಾಣುತ್ತದೆ. ಹಾಡಿಗೆ ಮೊದಲು ಪದದ ಅರ್ಥವನ್ನು ಎರಡು ಮಾತಿನಲ್ಲಿ ಹೇಳಿ, ಪಲ್ಲವಿಯನ್ನು ಸಭೆಗೆ ಕಲಿಸುತ್ತಾರೆ. ಕನ್ನಡ ಬಾರದವರ ಬಾಯಿಂದಲೂ ಕನ್ನಡ ಹೊರಡಿಸುತ್ತಾರೆ. ಬಳಿಕ ವಾದ್ಯಗಳನ್ನು ಒಂದೊಂದಾಗಿ ಇಳಿಸಿ, ಸಭೆಯ ದನಿಯೊಂದೇ ಉಳಿಯುವ ಹಾಗೆ ಮಾಡಿ, ಆಮೇಲೆ ಡ್ರಮ್ಸನ್ನು ಮರಳಿ ಒಳಗೆ ಬಿಡುತ್ತಾರೆ. ವಿದ್ಯುತ್ ಗಿಟಾರು ಎಷ್ಟೇ ಗಟ್ಟಿಯಾಗಿ ಮೊರೆದರೂ ನಡುವೆ ಪಿಟೀಲಿಗೆ ಬೆಳೆಯಲು ಜಾಗವಿರುತ್ತದೆ. ಸೊಲ್ಲಿನ ತತ್ವವೇ ಇಲ್ಲಿಯೂ ಕೆಲಸ ಮಾಡುವುದು. ಒಂದು ವ್ಯತ್ಯಾಸವುಂಟು, ಅದು ಸಣ್ಣದಲ್ಲ. ನೀಲಗಾರರ ಹಿಮ್ಮೇಳಕ್ಕೆ ಇಡೀ ಕಥೆ ಗೊತ್ತು. ಬ್ಯಾಂಡಿನ ಮುಂದಿನ ಸಭೆಗೆ ಗೊತ್ತಿರುವುದು ಪಲ್ಲವಿಯಷ್ಟೇ. ರಾತ್ರಿಯಿಡೀ ನಡೆಯುವ ಕಥನವನ್ನು ಒಂದೂವರೆ ತಾಸಿನ ವೇದಿಕೆ ಹೊರಲಾರದು.

ವಿದೇಶದಲ್ಲಿ ಹೆಸರು ತಂದುಕೊಟ್ಟದ್ದು 2010ರಲ್ಲಿ ಬಿಬಿಸಿಯ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮ. ಅದು ಪ್ರಸಾರವಾದ ಮೇಲೆ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವ ಸಂಗೀತ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸ ಪ್ರತಿಭೆಗೆ ಕೊಡುವ ಪ್ರಶಸ್ತಿ ಬಂತು. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಶಿಶುನಾಳದ ಪದ ಇಂಗ್ಲೆಂಡಿನ ಹುಲ್ಲುಗಾವಲು ಮುಟ್ಟಿದ್ದು ಹೆಮ್ಮೆಯ ಸಂಗತಿ. ಅದಕ್ಕಿಂತ ಮುಖ್ಯವಾದ ಪರಿಣಾಮ ಊರಿನಲ್ಲಾಯಿತು. ಕಾಲೇಜು ಉತ್ಸವಗಳಲ್ಲಿ ಇಂಗ್ಲಿಷ್ ರಾಕ್ ಹಾಡಿದರಷ್ಟೇ ಮರ್ಯಾದೆ ಎಂದುಕೊಂಡಿದ್ದ ಹುಡುಗರು ಕನ್ನಡದ ಪದ ಹುಡುಕತೊಡಗಿದರು. ಮೈಸೂರಿನ ಯುವ ದಸರಾದಂಥ ವೇದಿಕೆಗಳಲ್ಲಿ ಈ ಹಾಡುಗಳಿಗೆ ಮೈದಾನವೇ ದನಿಗೂಡಿಸುತ್ತದೆ.

ಸಿನಿಮಾ

ಸಿನಿಮಾ ಸಂಗೀತವನ್ನು ಅವರು ಬಿಟ್ಟವರಲ್ಲ. ‘ಸೈಕೋ’ (2008), ‘ಜಸ್ಟ್ ಮಾತ್ ಮಾತಲ್ಲಿ’ (2010), ‘ಲವ್ ಮಾಕ್‌ಟೇಲ್’ (2020), ‘ನಿನ್ನ ಸನಿಹಕೆ’ (2021) ಕನ್ನಡದವು. ‘ಮುಝ್ಸೆ ಫ್ರೆಂಡ್‌ಶಿಪ್ ಕರೋಗೆ’ (2011), ‘ಬೇವಕೂಫಿಯಾಂ’ (2014) ಹಿಂದಿಯವು. 2023ರ ‘ಆರ್ಕೆಸ್ಟ್ರಾ ಮೈಸೂರು’ ಬೇರೆಯದೇ ಕಾರಣಕ್ಕೆ ಮುಖ್ಯ. ಗಣೇಶನ ಪೆಂಡಾಲಿನ ಮುಂದೆ, ರಾಜ್ಯೋತ್ಸವದ ಬೀದಿಯಲ್ಲಿ ಸಿನಿಮಾ ಹಾಡುಗಳನ್ನು ಹಾಡುವ ಆರ್ಕೆಸ್ಟ್ರಾದವರ ಬದುಕನ್ನು ಅದು ತೆರೆಗೆ ತಂದಿತು. ರಾಮನಗರ, ಚನ್ನಪಟ್ಟಣಗಳಂಥ ಊರುಗಳಲ್ಲಿ ‘ಲೈವ್’ ಸಂಗೀತವೆಂದರೆ ದಶಕಗಳ ಕಾಲ ಆರ್ಕೆಸ್ಟ್ರಾವೇ. ಮೈಕ್‌ಸೆಟ್ಟು ಹಾಕುವವರು, ರಿದಂ ಪ್ಯಾಡ್ ನುಡಿಸುವವರು, ಕೀಬೋರ್ಡಿನವರು ತಯಾರಾದದ್ದು ಅಲ್ಲಿ. ಸ್ವಂತ ಹಾಡಿಗೆ ಅಲ್ಲಿ ಜಾಗವಿರಲಿಲ್ಲ ನಿಜ. ಆದರೂ ರಸ್ತೆ ಬದಿಯ ವೇದಿಕೆಯ ಮೇಲೆ ಹಾಡುವ ಧೈರ್ಯ ಕಲಿಸಿದ ಶಾಲೆ ಅದು.

ಜೊತೆಗಾರರು

ರಘು ಅವರ ತಮ್ಮ ವಾಸು ದೀಕ್ಷಿತ್ ‘ಸ್ವರಾತ್ಮ’ ತಂಡದ ಮುಖ್ಯ ಗಾಯಕ. ಸ್ವರಾತ್ಮದ ಮೊದಲ ಆಲ್ಬಂ 2009ರಲ್ಲಿ, ‘ಟೋಪಿವಾಲೇ’ 2012ರಲ್ಲಿ ಬಂದವು. ಅಣ್ಣನ ಹಾಡು ಸಂಭ್ರಮದ ಕಡೆಗೆ ವಾಲಿದರೆ ತಮ್ಮನ ತಂಡ ಊರಿನ ಕಷ್ಟಸುಖದ ಕಡೆಗೆ ವಾಲಿತು. ಅವರ ‘ಪ್ಯಾಸಿ’ ಹಾಡು ಬಾಯಾರಿದ ಕಾವೇರಿಯನ್ನು ಕುರಿತದ್ದು. ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿ ಬಂದು ಕಾವೇರಿಯನ್ನು ಕೂಡುತ್ತದೆ, ಅಲ್ಲಿಂದ ಮುಂದೆ ನದಿ ಮೇಕೆದಾಟಿನ ಬಂಡೆಗಳ ನಡುವೆ ನುಗ್ಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ನಿಂತವರಿಗೆ ಆ ಹಾಡಿನ ವಿಷಯ ವಿವರಿಸಿ ಹೇಳಬೇಕಾಗಿಲ್ಲ.

ಕನಕಪುರ ರಸ್ತೆಯಲ್ಲಿ, ಕಗ್ಗಲೀಪುರದ ಬಳಿ, ಜಿಲ್ಲೆಯ ಗಡಿಗೆ ತುಸು ಈಚೆ ದಿಣ್ಣೆಪಾಳ್ಯದಲ್ಲಿ ‘ಫೈರ್‌ಫ್ಲೈಸ್’ ಆಶ್ರಮವಿದೆ. ಅಲ್ಲಿಯ ದೊಡ್ಡ ಆಲದ ಮರದಡಿ ರಾತ್ರಿಯಿಡೀ ಸಂಗೀತೋತ್ಸವ ನಡೆಸಿದ ಕಾಲವೊಂದಿತ್ತು. ಸೂಫಿ ಹಾಡು, ಜನಪದ, ರಾಕ್, ಶಾಸ್ತ್ರೀಯ ಎಲ್ಲವೂ ಒಂದೇ ಮರದ ಕೆಳಗೆ. ಜನ ಚಾಪೆ, ಹೊದಿಕೆ ತಂದು ಬೆಳಗಿನ ತನಕ ಕುಳಿತಿರುತ್ತಿದ್ದರು. ಬ್ಯಾಂಡ್ ಸಂಗೀತ ಈ ಸೀಮೆಯ ಹಳೆಯ ಅಹೋರಾತ್ರಿ ಹಾಡುಗಾರಿಕೆಗೆ ಅತಿ ಹತ್ತಿರ ಬಂದದ್ದು ಅಲ್ಲಿ ಎನ್ನಬೇಕು. ಹೋಟೆಲುಗಳ, ಕ್ಲಬ್ಬುಗಳ ವೇದಿಕೆಯಲ್ಲಿ ಹತ್ತೂವರೆ, ಹನ್ನೊಂದಕ್ಕೆ ದೀಪ ಆರುತ್ತಿತ್ತು. ಆಲದ ಮರದಡಿ ಅಂಥ ಗಡಿಬಿಡಿಯಿರಲಿಲ್ಲ.

ದಾರಿ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಬ್ಯಾಂಡಿನ ವ್ಯಾನುಗಳು ಈಗ ರಾಮನಗರ, ಚನ್ನಪಟ್ಟಣಗಳ ಊರೊಳಗೆ ಇಳಿಯದೆ ಬೈಪಾಸಿನಲ್ಲಿ ಸಾಗುತ್ತವೆ. ಜಾನಪದ ಲೋಕ ಉಳಿದಿರುವುದು ಹಳೆಯ ರಸ್ತೆಯ ಮೇಲೆ. ದಾರಿಹೋಕರಾಗಿ ಕಾಫಿಗೆ ನಿಂತು ಒಳಗೆ ಬರುತ್ತಿದ್ದವರು ಈಗ ಬೇಕೆಂದೇ ಹುಡುಕಿಕೊಂಡು ಬರಬೇಕು. ಕನ್ನಡದಲ್ಲಿ ಬ್ಯಾಂಡು ಕಟ್ಟಹೊರಟ ಹುಡುಗ ಹುಡುಗಿಯರು ಒಮ್ಮೆಯಾದರೂ ಹೆದ್ದಾರಿ ಬಿಟ್ಟು ಇಳಿದು ಜಾನಪದ ಲೋಕದ ಧ್ವನಿಮುದ್ರಣಗಳಿಗೆ ಕಿವಿಗೊಡಬೇಕೆಂಬುದು ಈ ಲೇಖಕನ ಆಸೆ.

ಶಿವರಾತ್ರಿಯ ಹೊತ್ತಿಗೆ ಇನ್ನೊಂದು ದಾರಿ ತೆರೆದುಕೊಳ್ಳುತ್ತದೆ. ಬೆಂಗಳೂರು, ರಾಮನಗರ, ಕನಕಪುರ ಕಡೆಯ ಸಾವಿರಾರು ಭಕ್ತರು ಸಂಗಮದ ಕಡೆಯಿಂದ ಕಾವೇರಿಯನ್ನು ದಾಟಿ, ಕಾಡಿನೊಳಗೆ ಕಾಲ್ನಡಿಗೆಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುತ್ತಾರೆ. ನೀರು ಸೆಳೆಯುವ ಕಡೆ ಹಗ್ಗ ಕಟ್ಟಿರುತ್ತಾರೆ. ಹಗ್ಗ ಹಿಡಿದು ನಡೆಯುವಾಗ ಒಬ್ಬರು ಮಾದಪ್ಪನ ಹೆಸರೆತ್ತಿದರೆ ಉಳಿದವರು ಉಘೇ ಎನ್ನುತ್ತಾರೆ. ‘ಸೈಕೋ’ ಚಿತ್ರಕ್ಕೆ ರಘು ದೀಕ್ಷಿತ್ ಹಾಡಿದ ‘ನಿನ್ನ ಪೂಜೆಗೆ ಬಂದೆ ಮಾದೇಶ್ವರ’ ಕರೆಯುವುದು ಇದೇ ದೇವರನ್ನು. ಸಿನಿಮಾವನ್ನು ಮರೆತವರಿಗೂ ಆ ಹಾಡು ನೆನಪಿದೆ. ವೇದಿಕೆಯ ಮೇಲೆ ಅದು ಬಂದಾಗ ಗಿಟಾರು ನಿಲ್ಲಿಸಿದರೂ ಸೊಲ್ಲು ನಿಲ್ಲುವುದಿಲ್ಲ.